ಆಟೋಪೈಲಟ್ ಇದ್ದರೆ ಪೈಲಟ್ ಯಾಕೆ ಬೇಕು?



2019ರ ನವೆಂಬರ್ 22ರಂದು ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಅಲ್ಲಿ ಪೈಲಟ್ ತರಬೇತಿಯೂ ನಡೆದಿದೆ. ಹೀಗಾಗಿ ಪೈಲಟ್ ಆಗಬೇಕೆಂಬ ಆಸೆ ನಮ್ಮ ಭಾಗದ ಮಕ್ಕಳಿಗೆ ಈಗ ದೂರದ ಕನಸಲ್ಲ. ಆದರೆ ಅದರ ಜೊತೆಗೇ ಒಂದು ಮಾತು ಕೇಳಿಬರುತ್ತದೆ: "ಈಗ ಎಲ್ಲಾ ಆಟೋಪೈಲಟ್ ಮಾಡುತ್ತದೆ, ಪೈಲಟ್ ಸುಮ್ಮನೆ ಕುಳಿತರೆ ಸಾಕು." ಈ ಮಾತು ಎಷ್ಟು ನಿಜ ಎಂಬುದನ್ನು ತರಬೇತಿಗೆ ಬಳಸುವಂಥ ಸಣ್ಣ ವಿಮಾನಗಳನ್ನೇ ಮುಂದಿಟ್ಟುಕೊಂಡು ನೋಡೋಣ.

ಆಟೋಪೈಲಟ್ ಹೊಸದೇನಲ್ಲ. 1914ರಲ್ಲಿಯೇ ಅಮೆರಿಕದ ಲಾರೆನ್ಸ್ ಸ್ಪೆರಿ ಪ್ಯಾರಿಸ್ ಬಳಿ ಎರಡೂ ಕೈ ಮೇಲೆತ್ತಿ ವಿಮಾನ ಹಾರಿಸಿ ತೋರಿಸಿದ್ದ. ಅದರ ಮೂಲ ನೀವು ಆಡಿದ ಬುಗುರಿಯಲ್ಲಿದೆ. ವೇಗವಾಗಿ ತಿರುಗುವ ಬುಗುರಿ ಸುಲಭವಾಗಿ ವಾಲುವುದಿಲ್ಲ. ಇದೇ ಗುಣವುಳ್ಳ ಗೈರೋಸ್ಕೋಪ್ ಎಂಬ ಉಪಕರಣ ವಿಮಾನ ಎತ್ತ ವಾಲಿತೆಂದು ತಿಳಿಸುತ್ತದೆ. ಇಂದು ಆ ಕೆಲಸವನ್ನು ಎಲೆಕ್ಟ್ರಾನಿಕ್ ಸಂವೇದಕಗಳೂ ಮಾಡುತ್ತವೆ. ಅವು ಕೊಟ್ಟ ಸುದ್ದಿಯನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಸಣ್ಣ ಮೋಟಾರುಗಳು ರೆಕ್ಕೆ ಮತ್ತು ಬಾಲದ ಪಟ್ಟಿಗಳನ್ನು ತಿರುಗಿಸಿ ವಿಮಾನವನ್ನು ಸರಿಪಡಿಸುತ್ತವೆ.

ಇದರಿಂದ ಏನೇನು ಸಾಧ್ಯ? ಎಲ್ಲಕ್ಕಿಂತ ಸರಳವಾದ ಆಟೋಪೈಲಟ್ ರೆಕ್ಕೆಗಳನ್ನು ಮಟ್ಟವಾಗಿಡುತ್ತದೆ, ದಿಕ್ಕು ಹಿಡಿಯುತ್ತದೆ. ಅದಕ್ಕಿಂತ ಮೇಲಿನದು ಎತ್ತರವನ್ನೂ ಕಾಯುತ್ತದೆ. ಜಿಪಿಎಸ್ ದಾರಿಯಲ್ಲಿ ಸಾಗುವ, ರೇಡಿಯೋ ಸಂಕೇತ ಹಿಡಿದು ರನ್‌ವೇ ಕಡೆಗೆ ಇಳಿಯುವ ಆಟೋಪೈಲಟ್‌ಗಳೂ ಇವೆ. ಮೋಡದೊಳಗೆ ಒಬ್ಬನೇ ಇರುವ ಪೈಲಟ್‌ಗೆ ಇದು ದೊಡ್ಡ ಆಸರೆ. ಕೈಗೆ ಬಿಡುವು ಸಿಕ್ಕಿದರೆ ನಕಾಶೆ ನೋಡಲು, ರೇಡಿಯೋದಲ್ಲಿ ಮಾತನಾಡಲು, ಮುಂದಿನದನ್ನು ಯೋಚಿಸಲು ಮನಸ್ಸಿಗೂ ಬಿಡುವು ಸಿಗುತ್ತದೆ.

ಇನ್ನು ಅದರ ಮಿತಿಗಳು. ಬಹುತೇಕ ಸಣ್ಣ ವಿಮಾನಗಳಲ್ಲಿ ಇಂಜಿನ್ನಿನ ಶಕ್ತಿ ಅದರ ವಶದಲ್ಲಿರುವುದಿಲ್ಲ. "ಮೇಲೇರು" ಎಂದು ಆಜ್ಞೆ ಕೊಟ್ಟು ಇಂಜಿನ್ನಿಗೆ ಸಾಕಷ್ಟು ಶಕ್ತಿ ಕೊಡದಿದ್ದರೆ ಅದು ಮೂತಿಯನ್ನು ಎತ್ತುತ್ತಲೇ ಹೋಗುತ್ತದೆ, ವೇಗ ಕುಸಿಯುತ್ತದೆ. ಕೊನೆಗೆ ರೆಕ್ಕೆಗಳು ವಿಮಾನವನ್ನು ಹೊರಲಾರದ ಸ್ಥಿತಿ ಬರಬಹುದು. ಹದ್ದು, ಬಿರುಗಾಳಿ, ಎದುರಿನ ಗುಡ್ಡ ಯಾವುದನ್ನೂ ಅದು ಪೈಲಟ್‌ನ ಕಣ್ಣಿನಂತೆ ನೋಡುವುದಿಲ್ಲ. ಆಧಾರವಾದ ಉಪಕರಣವೇ ಕೆಟ್ಟು ಸುಳ್ಳು ಹೇಳಿದರೆ ಅದನ್ನೇ ನಂಬಿ ನಡೆಯಬಹುದು. ಇಂಜಿನ್ ನಿಂತರೆ ಯಾವ ಹೊಲದಲ್ಲಿ ಇಳಿಯಬೇಕೆಂದು ತೀರ್ಮಾನಿಸುವುದೂ ಸಾಮಾನ್ಯ ಆಟೋಪೈಲಟ್‌ಗೆ ಆಗದು. ತುರ್ತು ಸಮಯದಲ್ಲಿ ತಾನೇ ರನ್‌ವೇಗೆ ಇಳಿಸುವ ಗಾರ್ಮಿನ್ ಕಂಪನಿಯ ವ್ಯವಸ್ಥೆಗೆ 2020ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿದ್ದು ನಿಜ. ಆದರೆ ಅದು ಇರುವುದು ಕೆಲವೇ ದುಬಾರಿ ವಿಮಾನಗಳಲ್ಲಿ.

ನಮ್ಮ ಎತ್ತಿನ ಬಂಡಿಯನ್ನೇ ನೋಡಿ. ಒಡೆಯ ನಿದ್ದೆ ಹೋದರೂ ಎತ್ತುಗಳು ರೂಢಿಯ ದಾರಿ ಹಿಡಿದು ಮನೆ ಮುಟ್ಟುತ್ತವೆ. ಆದರೆ ಹಳ್ಳಕ್ಕೆ ನೀರು ಬಂದಿರುವ ರಾತ್ರಿ ಒಡೆಯ ಎಚ್ಚರ ಇರಲೇಬೇಕು.

ಈ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದನ್ನು ಕರ್ನಾಟಕ ಕಂಡಿದೆ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನಲ್ಲಿ ಇಳಿಯುವಾಗ ನೆಲಕ್ಕಪ್ಪಳಿಸಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಅದು ಸಣ್ಣ ವಿಮಾನವಲ್ಲ, ಏರ್‌ಬಸ್ ಎ-320. ಇಂಜಿನ್ ಶಕ್ತಿಯನ್ನು ನಿಯಂತ್ರಿಸುವ ಸ್ವಯಂಚಾಲಿತ ವ್ಯವಸ್ಥೆಯೂ ಅದರಲ್ಲಿತ್ತು. ಆದರೆ ಅದು ಇದ್ದ ವಿಧಾನದಲ್ಲಿ ಇಂಜಿನ್ನುಗಳು ಕನಿಷ್ಠ ಶಕ್ತಿಯಲ್ಲೇ ಉಳಿದವು. ವೇಗ ಕುಸಿದದ್ದು ಪೈಲಟ್‌ಗಳ ಗಮನಕ್ಕೆ ಬರುವಷ್ಟರಲ್ಲಿ ಸಮಯ ಮೀರಿತ್ತು. ಯಂತ್ರಕ್ಕೆ ಏನು ಹೇಳಿದ್ದೇವೆ, ಅದು ಈಗ ಏನು ಮಾಡುತ್ತಿದೆ ಎಂಬ ಎರಡು ಪ್ರಶ್ನೆಗಳು ವಿಮಾನ ದೊಡ್ಡದಿರಲಿ ಸಣ್ಣದಿರಲಿ ಒಂದೇ.

ಆದ್ದರಿಂದಲೇ ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟದ ಅನುಭವ ಕೇಳುತ್ತಾರೆ. ಆಟೋಪೈಲಟ್ ಬಳಸುವ ಪೈಲಟ್ ಹಾರುವ ಮೊದಲು ಅದನ್ನು ಪರೀಕ್ಷಿಸಬೇಕು, ಬೇಡವಾದ ಕ್ಷಣದಲ್ಲಿ ಅದನ್ನು ಬಿಡಿಸುವ ಗುಂಡಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಿರಬೇಕು, ಬಿಡಿಸಿದ ಮೇಲೆ ಕೈಯಿಂದ ಹಾರಿಸಲು ಬರಬೇಕು.

ವಿದ್ಯಾರ್ಥಿಗಳೇ, ಯಂತ್ರ ಇದೆಯೆಂದು ಭೌತಶಾಸ್ತ್ರ, ಗಣಿತಗಳನ್ನು ಹಗುರವಾಗಿ ನೋಡಬೇಡಿ. ಗುಂಡಿ ಒತ್ತುವುದನ್ನು ಒಂದು ದಿನದಲ್ಲಿ ಕಲಿಯಬಹುದು. ಯಾವಾಗ ಒತ್ತಬಾರದೆಂದು ತಿಳಿಯಲು ವರ್ಷಗಳ ಓದು ಬೇಕು. ಪ್ರಯಾಣಿಕರು ತಮ್ಮ ಪ್ರಾಣವನ್ನು ಒಪ್ಪಿಸುವುದು ಆ ಓದಿನ ಮೇಲೆ ನಂಬಿಕೆಯಿಟ್ಟು. ನಿಮ್ಮಲ್ಲಿ ಕೆಲವರಾದರೂ ಆ ನಂಬಿಕೆಗೆ ಯೋಗ್ಯರಾಗಿ ಬೆಳೆಯಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.