ಊಟ ಆಯ್ತಾ?

ಕೆಲಸದಿಂದ ತೆಗೆಯಬೇಕಾದವನನ್ನು ಎದುರು ಕೂರಿಸಿಕೊಂಡು ಮೊದಲ ಮಾತು ಏನಾಡುವುದು? ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿರುವ ಗೆಳೆಯರು ಈ ವಾರ ಸಿಕ್ಕಿದ್ದರು. ಸ್ಟೋರ್ಸಿನ ಹುಡುಗನನ್ನು ಕ್ಯಾಬಿನ್ನಿಗೆ ಕರೆಸಿದಾಗ ತಮ್ಮ ಬಾಯಿಂದ ಬಂದದ್ದು "ಊಟ ಆಯ್ತಾ?" ಅಂತೆ.

ಆಡಬೇಕಾದ ಮಾತೆಲ್ಲ ಮೇಜಿನ ಮೇಲೇ ಇತ್ತು, ಎಚ್‌ಆರ್‌ನವರು ಬರೆದುಕೊಟ್ಟ ಹಾಳೆಯಲ್ಲಿ. ಆರ್ಡರು ಕಮ್ಮಿಯಾಗಿದೆ, ನಿಮ್ಮ ಕೆಲಸದ ಮೇಲೆ ದೂರೇನಿಲ್ಲ, ಲೆಕ್ಕ ಇಂಥ ದಿನ ಚುಕ್ತಾ ಆಗುತ್ತದೆ, ಇತ್ಯಾದಿ. ಹುಡುಗ ಮಾತ್ರ ನಿರಾಳವಾಗಿ ಕೂತ. "ಆಯ್ತು ಸಾರ್, ಇವತ್ತು ಬಸ್ಸಾರು ಚೆನ್ನಾಗಿತ್ತು. ನಿಮ್ದು?" ಇವರು "ಇನ್ನೂ ಇಲ್ಲಪ್ಪ" ಅಂದರು. "ಅಯ್ಯೋ, ಹೋಗಿ ಬನ್ನಿ ಸಾರ್, ಮುದ್ದೆ ಖಾಲಿಯಾಗ್ಬಿಡುತ್ತೆ. ನಾನು ಆಮೇಲೆ ಬರ್ತೀನಿ" ಎಂದು ಅವನು ಎದ್ದೇಬಿಟ್ಟ. ಹೊರಗೆ ಕಳಿಸಲೆಂದು ಕರೆಸಿದವನನ್ನು "ಕೂತ್ಕೊಳಪ್ಪ, ಕೂತ್ಕೋ" ಎಂದು ಬಲವಂತ ಮಾಡಬೇಕಾಯಿತು.

ನನಗೆ ನಗು ಬಂತು. ಆದರೆ ಗೆಳೆಯರನ್ನು ತಪ್ಪೆನ್ನಲಾರೆ. ಸಾಲ ಕೇಳಲು ಹೋದಾಗಲೂ, ಹೆಣ್ಣು ಕೇಳಲು ಹೋದಾಗಲೂ, ಪಾಲು ಕೇಳಲು ಹೋದಾಗಲೂ ನಾವು ಶುರುಮಾಡುವುದು ಊಟ ತಿಂಡಿಯಿಂದಲೇ ತಾನೆ?

ಕೆಲಸದಿಂದ ತೆಗೆಯುವುದಕ್ಕೂ ಒಂದು ಕ್ರಮ ಬೇಕೆಂದು ಕಾನೂನು ಎಂದೋ ಯೋಚಿಸಿತ್ತು. 2025ರವರೆಗೆ ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಸೇರಿಸಿದ ಕಲಮುಗಳ ಪ್ರಕಾರ, ವರ್ಷ ತುಂಬಿದ ಕಾರ್ಮಿಕನನ್ನು ಹೀಗೆ ಕಳಿಸುವುದಾದರೆ ಕಾರಣ ಬರೆದ ಒಂದು ತಿಂಗಳ ನೋಟಿಸು ಕೊಡಬೇಕಿತ್ತು, ಇಲ್ಲವೇ ಆ ತಿಂಗಳ ಸಂಬಳ. ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸರಾಸರಿ ಸಂಬಳ ಪರಿಹಾರ. ಸಾಮಾನ್ಯವಾಗಿ ಕೊನೆಗೆ ಸೇರಿದವನು ಮೊದಲು ಹೊರಗೆ. ಈ ಹುಡುಗನ ಸರದಿ ಬಂದದ್ದೂ ಹಾಗೇ. ಹಣದ ಲೆಕ್ಕದಲ್ಲಿ ಅವನಿಗೆ ಮೋಸವಾಗಲಿಲ್ಲ. ಆದರೆ ಆ ಮಾತನ್ನು ಬಾಯಿಬಿಟ್ಟು ಹೇಳುವವನ ಪಾಡಿಗೆ ಯಾವ ಕಲಮು?

2021ರ ಡಿಸೆಂಬರಿನಲ್ಲಿ ಅಮೆರಿಕದ ಬೆಟರ್ ಡಾಟ್ ಕಾಮ್ ಎಂಬ ಗೃಹಸಾಲದ ಕಂಪನಿಯ ಮುಖ್ಯಸ್ಥ ವಿಶಾಲ್ ಗರ್ಗ್, ಸುಮಾರು 900 ಜನರನ್ನು ಒಂದೇ ಜೂಮ್ ಕರೆಯಲ್ಲಿ ಮನೆಗೆ ಕಳಿಸಿದ್ದು ನಿಮಗೆ ನೆನಪಿರಬಹುದು. ಕೆಲವೇ ನಿಮಿಷದ ಮಾತು. ಅಷ್ಟರಲ್ಲೂ ಆತ, ಹಿಂದೊಮ್ಮೆ ಹೀಗೆ ಮಾಡಬೇಕಾಗಿ ಬಂದಾಗ ಅತ್ತಿದ್ದೆ ಎಂದು ಹೇಳಿಕೊಂಡ. ಹೇಳಿದ ರೀತಿ ಸರಿಯಿರಲಿಲ್ಲವೆಂದು ಆಮೇಲೆ ಕ್ಷಮೆಯನ್ನೂ ಕೇಳಿದ. ನನ್ನನ್ನು ಕಾಡುವುದು ಆ ಅಳುವಿನ ಸುದ್ದಿ. ಅನ್ನ ಹೋದವರು ಆ ಹೊತ್ತಿನಲ್ಲಿ ತೆಗೆದವರ ಕಷ್ಟವನ್ನೂ ಕೇಳಿಸಿಕೊಳ್ಳಬೇಕಾಯಿತಲ್ಲ!

ಪೀಣ್ಯದಲ್ಲೂ ಕೊಂಚ ಹಾಗೇ ಆಗಿದೆ. ವಿಷಯ ಹೇಳಿ ಮುಗಿಸಿದ ಗೆಳೆಯರು "ನಂಗೂ ರಾತ್ರಿಯೆಲ್ಲ ನಿದ್ದೆ ಇಲ್ಲಪ್ಪ" ಅಂದರಂತೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಸಾರ್, ನೀವೇನ್ ಮಾಡಕ್ಕಾಗುತ್ತೆ" ಅಂದನಂತೆ. ಬೀಗದ ಕೈ ಯಾರಿಗೆ ಕೊಡಲಿ ಎಂದೂ ಕೇಳಿದ. "ಒಳ್ಳೇ ಹುಡುಗ, ಒಂದು ಎದುರುಮಾತು ಆಡಲಿಲ್ಲ" ಎಂದು ಗೆಳೆಯರು ಅಭಿಮಾನದಿಂದಲೇ ಹೇಳಿದರು. ಜಗಳವಾಡಿದ್ದರೆ ಕೆಟ್ಟ ಹುಡುಗನಾಗುತ್ತಿದ್ದನೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಮ್ಯಾನೇಜರನ್ನು ಸಮಾಧಾನಪಡಿಸುವ ಕೆಲಸವೂ ಆ ಮಧ್ಯಾಹ್ನ ಅವನ ಪಾಲಿಗೇ ಬಂದಿತ್ತು.

ಅವನಿಗೆ ಅನುಭವದ ಪತ್ರ ಸಿಕ್ಕಿತೇ ಎಂದೆ. ಎಚ್‌ಆರ್‌ನವರು ಕಳಿಸುತ್ತಾರೆ ಎಂದರು. ಅದು ಹೇಗೂ ಬರುತ್ತದೆ, ನೀವು ನಾಲ್ಕು ಕಾರ್ಖಾನೆಗೆ ಫೋನು ಮಾಡಿ, ಸ್ಟೋರ್ಸು ಬಲ್ಲವನು ಯಾರಿಗಾದರೂ ಬೇಕಾಗಿರುತ್ತಾನೆ ಎಂದೆ. "ಮಾಡಬಹುದು, ನೋಡೋಣ" ಎಂದರು. ಸೋಮವಾರ ಮತ್ತೆ ವಿಚಾರಿಸಬೇಕೆಂದಿದ್ದೇನೆ.