ಕಿವಿಯಲ್ಲಿ ಕೂತ ಲೆಕ್ಕ

ಲೆಕ್ಕ ಪರಿಶೋಧಕನನ್ನು ಕವಿತೆಯ ಬಗ್ಗೆ ಮಾತಾಡಲು ಕರೆದಿದ್ದೀರಿ. ಕವಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ, ಅದು ಕವಿತೆಯಾಗುವುದು ಹೇಗೆ ಎಂಬುದು ವಿಷಯ. ನನಗೆ ಗೊತ್ತಿರುವ ಎಣಿಕೆಯಿಂದಲೇ ಶುರು ಮಾಡುತ್ತೇನೆ.

ಕುಮಾರವ್ಯಾಸನ ಬಗ್ಗೆ ಒಂದು ಐತಿಹ್ಯವಿದೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಮಿಂದು ಬಂದು, ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದನಂತೆ. ಬರೆದದ್ದನ್ನು ಅಳಿಸಲಿಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. ದೇವರು ಹೇಳಿದ, ಕವಿ ಬರೆದುಕೊಂಡ ಎಂದು ನಾವು ಸುಮ್ಮನಾಗಬಹುದು. ಆದರೆ ಅವನ ಭಾಮಿನಿ ಷಟ್ಪದಿಯನ್ನು ಒಮ್ಮೆ ಎಣಿಸಿ ನೋಡಿ. 1, 2, 4, 5ನೇ ಸಾಲುಗಳಿಗೆ ತಲಾ 14 ಮಾತ್ರೆ, 3 ಮತ್ತು 6ನೇ ಸಾಲಿಗೆ ತಲಾ 23. ಒಟ್ಟು 102. ಜೊತೆಗೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ. ಸಾವಿರಾರು ಪದ್ಯಗಳ ಉದ್ದಕ್ಕೂ ಇದೇ ಲೆಕ್ಕ. ಬೆರಳು ಮಡಚಿ ಎಣಿಸುತ್ತ ಕೂತರೆ ಬಟ್ಟೆ ಆರುವುದರೊಳಗೆ ಒಂದು ಪದ್ಯವೂ ಮುಗಿಯದು. ಲೆಕ್ಕ ಅವನ ಕಿವಿಯಲ್ಲಿ ಮೊದಲೇ ಕೂತಿತ್ತು. ಸ್ಫೂರ್ತಿ ಬಂದಾಗ ತುಂಬಿಕೊಳ್ಳಲು ಪಾತ್ರೆ ಸಿದ್ಧವಿತ್ತು.

ಈಗ ನಮ್ಮ ಹಾಗೆ ಈ ದೇಶದಲ್ಲಿ ದುಡಿದ ಕವಿಯೊಬ್ಬರನ್ನು ನೋಡೋಣ. ಎ. ಕೆ. ರಾಮಾನುಜನ್ ಹುಟ್ಟಿದ್ದು 1929ರಲ್ಲಿ, ಮೈಸೂರಿನಲ್ಲಿ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿ, 1993ರಲ್ಲಿ ಅಲ್ಲೇ ತೀರಿಕೊಂಡರು. 1969ರಲ್ಲಿ ಅವರ 'ಹೊಕ್ಕುಳಲ್ಲಿ ಹೂವಿಲ್ಲ' ಬಂತು. ಅಲ್ಲಿ ಷಟ್ಪದಿಯ ಕಟ್ಟಿಲ್ಲ, ಕನ್ನಡದ ಆಡುಮಾತೇ ಲಯ. ಅವರು ತಿದ್ದಿ ತಿದ್ದಿ ಬರೆಯುವವರು. ಅವರ ದಿನಚರಿಗಳು 2019ರಲ್ಲಿ ಪುಸ್ತಕವಾಗಿ ಬಂದಿವೆ. ಒಬ್ಬರು ಅಳಿಸದೆ ಬರೆದರು, ಇನ್ನೊಬ್ಬರು ತಿದ್ದುತ್ತಲೇ ಇದ್ದರು. ಇಬ್ಬರಿಗೂ ಬಂಡವಾಳ ಒಂದೇ: ಕೇಳಿ ಕೇಳಿ ಪಳಗಿದ ಕಿವಿ.

ರಾಮಾನುಜನ್ ಅವರಿಗೆ ಆ ಕಿವಿ ಎಲ್ಲಿ ಸಿಕ್ಕಿತು? ಅವರ ಮನೆಮಾತು ತಮಿಳು, ಓದು ಇಂಗ್ಲಿಷು. ಕನ್ನಡ ಸಿಕ್ಕಿದ್ದು ಮೈಸೂರಿನ ಬೀದಿಯಲ್ಲಿ, ಗೆಳೆಯರ ನಡುವೆ.

ನನ್ನನ್ನು ಕಾಡುವುದು ಇದೇ. ಸಾಂಟಾ ಕ್ಲಾರಾದ ನಮ್ಮ ಮಕ್ಕಳ ಸ್ಥಿತಿ ಇದಕ್ಕೆ ತಿರುಗುಮುರುಗು. ಕನ್ನಡ ಮನೆಯಲ್ಲಿದೆ, ಬೀದಿಯಲ್ಲಿಲ್ಲ. ಅವರು ಕೇಳುವ ಕನ್ನಡ ಎಂದರೆ "ಊಟ ಮಾಡು, ಬೇಗ ಮಲಗು, ಫೋನ್ ಕೆಳಗಿಡು." ಜಗಳ, ತಮಾಷೆ, ಚೌಕಾಸಿ, ಗಾದೆ ಯಾವುದೂ ಅವರ ಕಿವಿಗೆ ಬೀಳುತ್ತಿಲ್ಲ. ನಾವು ಬರೆಯುವ ಕವಿತೆಗಳೂ ಊರು ಬಿಟ್ಟ ವರ್ಷದ ಮಾತಿನಲ್ಲೇ ನಿಂತಿವೆ. ಜಮೆ ಇಲ್ಲದ ಖಾತೆಯಿಂದ ಎಷ್ಟು ದಿನ ಖರ್ಚು ಮಾಡಲಾದೀತು?

ಹಾಗಾಗಿ ಎರಡು ವಿನಂತಿ. ಸ್ಮರಣ ಸಂಚಿಕೆಗೆ ಕವಿತೆ ಕಳಿಸುವ ಮುನ್ನ ಗಟ್ಟಿಯಾಗಿ ಓದಿ; ನಾಲಿಗೆ ಎಡವಿದ ಕಡೆ ತಿದ್ದಿ. ಎರಡನೆಯದು, ಈ ಸಭಾಂಗಣವೇ ನಮ್ಮ ಮಕ್ಕಳಿಗಿರುವ ಕನ್ನಡದ ಬೀದಿ. ಇನ್ನು ಸ್ವಲ್ಪ ಹೊತ್ತಿಗೆ ಊಟದ ಸಾಲಿನಲ್ಲಿ ನಿಲ್ಲುತ್ತೇವೆ. ಅಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ಜಗಳವಾಡುವುದಾದರೆ, ದಯವಿಟ್ಟು ಕನ್ನಡದಲ್ಲೇ ಆಡಿ. ಮಕ್ಕಳು ಕೇಳಿಸಿಕೊಳ್ಳಲಿ.