ಸಪ್ಪಳ ದೊಡ್ಡದು, ಮಾತು ಸಣ್ಣದು



ನಮ್ಮ ಹಳೆಯ ಮಾಳಿಗೆ ಮನೆ, ಅಂದರೆ ತೆಲುಗಿನ ಮಿದ್ದೆ, ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದೆವು. ನೆಲಕ್ಕೆ ನುಣುಪು ಬಂಡೆ, ಮೂಲೆಗೆ ಎರಡು ದೊಡ್ಡ ಸ್ಪೀಕರು. ಮೊದಲ ದಿನವೇ ನಮ್ಮವ್ವ ಅಂದಳು: “ಸಪ್ಪಳ ದೊಡ್ಡದಾತು, ಮಾತು ಸಣ್ಣದಾತು.” ಹತ್ತಿಯ ಧಾರಣೆ ಹೇಳಿದರೆ ಅವಳಿಗೆ ‘ಹಕ್ಕಿ’ ಎಂದು ಕೇಳಿಸುತ್ತಿತ್ತು. ವಾರದೊಳಗೆ ಕನ್ನಡ ಕಾರ್ಯಕ್ರಮ ಕೇಳುವುದನ್ನೇ ಬಿಟ್ಟಳು.

ಇದು ನಮಗೆ ಸಣ್ಣ ಸಂಗತಿಯಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದವಾನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ನಮ್ಮ ಮನೆಯ ಮಕ್ಕಳು ಓದುವುದು ತೆಲುಗಿನಲ್ಲಿ. ಕನ್ನಡ ಅವರಿಗೆ ಬರುವುದು ಕಿವಿಯಿಂದ. ಕಿವಿಗೇ ಅಕ್ಷರ ತಿಳಿಯದಿದ್ದರೆ?

ತಪ್ಪು ಯಂತ್ರದ್ದಲ್ಲ, ಕೋಣೆಯದು. ಹಳೆಯ ಮನೆಯಲ್ಲಿ ಮಣ್ಣಿನ ಗೋಡೆ, ಜೋಳದ ಚೀಲ, ಕೌದಿಗಳ ರಾಶಿ ದನಿಯನ್ನು ಹೀರುತ್ತಿದ್ದವು. ಬಂಡೆ, ಸಿಮೆಂಟು ಅದನ್ನು ತಿರುಗಿ ಎಸೆಯುತ್ತವೆ. ದನಿ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಹತ್ತು ಅಡಿಯ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸಿನ ದಪ್ಪ ಸ್ವರ, ಅದರ ಇಮ್ಮಡಿ 112ರ ಸ್ವರ ಉಬ್ಬಿ ನಿಲ್ಲುತ್ತವೆ. ಈ 112 ಗಂಡಸರ ದನಿಯ ಜಾಗವೇ. ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿಯಾದರೆ ಉಬ್ಬು ಇನ್ನೂ ಹೆಚ್ಚು. ‘ತ’, ‘ಕ’ಗಳನ್ನು ಬೇರ್ಪಡಿಸುವ ತೆಳು ಸಪ್ಪಳ ಅದರಡಿ ಮುಚ್ಚಿಹೋಗುತ್ತದೆ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೋಣೆಯ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ವಾಲೇಸ್ ಸಬೀನ್ ಎಂಬ ಅಧ್ಯಾಪಕರು ಕುರ್ಚಿಯ ಮೆತ್ತೆಗಳನ್ನು ಒಳಗೆ ತಂದಿಟ್ಟು, ದನಿ ಎಷ್ಟು ಬೇಗ ಆರುತ್ತದೆಂದು ಅಳೆದರು. ಹತ್ತಿಯ ಪೇಟೆಯಾದ ಆದವಾನಿಯ ನಮಗೆ ಮೆತ್ತೆಗೇನು ಬರ?

ನಾನು ಮಾಡಿದ್ದು ಇಷ್ಟು. ಚಪ್ಪಾಳೆ ತಟ್ಟಿದೆ, ಝಣ್ ಎಂದಿತು. ಎದುರು ಗೋಡೆಗೆ ಕೌದಿ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿದೆ, ಝಣತ್ಕಾರ ನಿಂತಿತು. ಆದರೆ ದಪ್ಪ ಸ್ವರ ಕೌದಿಗೆ ಬಗ್ಗುವುದಿಲ್ಲ. ಅದಕ್ಕೆ ಸ್ಪೀಕರುಗಳನ್ನು ಮೂಲೆಯಿಂದ ಎರಡು ಅಡಿ ಮುಂದೆ ತಂದೆ. ಅವ್ವನ ಕುರ್ಚಿ ಗೋಡೆಗೆ ಅಂಟದಂತೆ, ಕೋಣೆಯ ನಟ್ಟನಡುವೆಯೂ ಬಾರದಂತೆ, ಹಿಂದಿನ ಗೋಡೆಯಿಂದ ಸುಮಾರು ಮೂರು ಅಡಿಗೆ ಇಟ್ಟೆ.

ಈಕ್ವಲೈಜರಿನ ಗುಂಡಿ ಮುಟ್ಟಿದ್ದು ಕೊನೆಗೆ. ಅವ್ವನ ಕುರ್ಚಿಯಲ್ಲೇ ಕುಳಿತು, ಹಾಡಲ್ಲ, ವಾರ್ತೆ ಕೇಳುತ್ತ, 125ರ ಗುಂಡಿಯನ್ನು ನಾಲ್ಕು ಡೆಸಿಬೆಲ್ ಇಳಿಸಿದೆ. ಇಲ್ಲೊಂದು ನಿಯಮವಿದೆ: ಉಬ್ಬಿದ್ದನ್ನು ಇಳಿಸಿ, ತಗ್ಗಿದ್ದನ್ನು ಏರಿಸಬೇಡಿ. ಒಂದು ಜಾಗದಲ್ಲಿ ಸ್ವರ ಮಾಯವಾಗುವುದು ನೇರ ಬಂದ ಅಲೆಯನ್ನು ತಿರುಗಿ ಬಂದ ಅಲೆ ಅಳಿಸುವುದರಿಂದ. ಗುಂಡಿ ಏರಿಸಿದರೆ ಎರಡೂ ಏರುತ್ತವೆ. ತೂತು ಕೊಡಕ್ಕೆ ನೀರು ಸುರಿದಂತೆ. ಅಲ್ಲಿ ಕುರ್ಚಿ ಸರಿಸುವುದೇ ಮದ್ದು. ಈಗಿನ ದುಬಾರಿ ಯಂತ್ರಗಳು ಮೈಕು ಇಟ್ಟು ತಾವೇ ಅಳೆದು ತಿದ್ದಿಕೊಳ್ಳುತ್ತವೆ. ಆದರೆ ಅವೂ ಬರಿಯ ಬಂಡೆಯ ಕೋಣೆಯನ್ನು ಕೌದಿಯ ಕೋಣೆ ಮಾಡಲಾರವು.

ಆ ಸಂಜೆ ವಾರ್ತೆ ಮುಗಿದ ಮೇಲೆ ಅವ್ವ ಮೊಮ್ಮಗನನ್ನು ಕರೆದು, “ಹತ್ತಿ ಅಂದ್ರು, ಕೇಳ್ತೇನು?” ಅಂದಳು. ಅವನು, “ಪತ್ತಿ ಅಂತಾರಲ್ಲ ತೆಲುಗಿನಾಗ, ಅದಾ ಅಜ್ಜಿ?” ಅಂದ. “ಹೂಂ, ಅದೇ. ಕುಂದ್ರು, ಮುಂದಿನ್ದೂ ಕೇಳು,” ಅಂದಳು.

ನಿಮ್ಮ ಮನೆಯ ಹಿರಿಯರು ರೇಡಿಯೋ ಆರಿಸಿ ಸುಮ್ಮನಾಗಿದ್ದರೆ, ಕಿವಿ ಹೋಯಿತೆಂದು ಒಮ್ಮೆಲೇ ತೀರ್ಮಾನಿಸಬೇಡಿ. ಮೊದಲು ಕೋಣೆಯಲ್ಲೊಂದು ಚಪ್ಪಾಳೆ ತಟ್ಟಿ ನೋಡಿ.